ಮೌಂಟ್ ಎಜ್‌ಕಂಬ್‌ನಲ್ಲಿ ನಾಯಿ ಜೊತೆ ಕಡಲಂಚಿನ ನಡಿಗೆ: ಲೀಶ್ ಎಲ್ಲಿ ಬಿಚ್ಚಬಹುದು, ಎಲ್ಲಿ ಬಿಚ್ಚಬಾರದು

ಇಂಗ್ಲೆಂಡಿನ ನೈರುತ್ಯ ಮೂಲೆಯ ಪ್ಲಿಮತ್ ನಗರದಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ನೀರಿನಾಚೆ ಒಂದು ಹಸಿರು ಗುಡ್ಡ ಕಾಣುತ್ತದೆ. ಅದೇ ಮೌಂಟ್ ಎಜ್‌ಕಂಬ್. ಪ್ಲಿಮತ್ ಇರುವುದು ಡೆವನ್‌ನಲ್ಲಿ, ಗುಡ್ಡ ಇರುವುದು ಕಾರ್ನ್‌ವಾಲ್‌ನಲ್ಲಿ. ನಡುವೆ ಟೇಮರ್ ನದಿ ಸಮುದ್ರ ಸೇರುವ ಇಕ್ಕಟ್ಟಾದ ನೀರು. ಫೆರಿ ಹತ್ತಿದರೆ ಏಳೆಂಟು ನಿಮಿಷದಲ್ಲಿ ಆಚೆ ದಡ.

ಹಿಂದೆ ಇದು ಎಜ್‌ಕಂಬ್ ಮನೆತನದ ಎಸ್ಟೇಟ್. 1515ರಲ್ಲಿ ಆ ಮನೆಯ ಪಿಯರ್ಸ್ ಎಜ್‌ಕಂಬ್, ದೊರೆ ಎಂಟನೇ ಹೆನ್ರಿಯ ಅನುಮತಿ ಪಡೆದು ಇಲ್ಲಿ ಬೇಲಿ ಹಾಕಿ ಜಿಂಕೆ ಸಾಕಿದ. ಅವನ ಮಗ 1547ರಿಂದ 1553ರ ನಡುವೆ ಗುಡ್ಡದ ಮೇಲೆ ಮನೆ ಕಟ್ಟಿಸಿದ. 1971ರಲ್ಲಿ ಕಾರ್ನ್‌ವಾಲ್ ಮತ್ತು ಪ್ಲಿಮತ್‌ನ ಸ್ಥಳೀಯ ಆಡಳಿತಗಳು ಸೇರಿ ಎಸ್ಟೇಟನ್ನು ಕೊಂಡು ಸಾರ್ವಜನಿಕರಿಗೆ ತೆರೆದವು. ಒಟ್ಟು 865 ಎಕರೆ. ಪಾರ್ಕಿಗೆ ಟಿಕೆಟ್ ಇಲ್ಲ, ನಾಯಿಗೂ ಸ್ವಾಗತ ಇದೆ.

ಅಂದಮಾತ್ರಕ್ಕೆ ಎಲ್ಲ ಕಡೆ ನಾಯಿಯನ್ನು ಸುಮ್ನೆ ಬಿಟ್ಟುಬಿಡಬಹುದು ಅಂತಲ್ಲ. ಈ ಒಂದೇ ದಾರಿಯಲ್ಲಿ ತೋಟ ಇದೆ, ಆಳದ ನೀರಿದೆ, ಕಡಿದಾದ ಅಂಚಿದೆ, ಜಿಂಕೆ ಇವೆ, ಕೊನೆಗೆ ಜನ ತುಂಬಿದ ಪುಟ್ಟ ಹಳ್ಳಿಯೂ ಇದೆ. ಪ್ರತಿಯೊಂದು ಜಾಗದಲ್ಲೂ ಲೀಶ್ ಬೇರೆ ಥರ ಹಿಡಿಯಬೇಕಾಗುತ್ತದೆ. ಅದು ಗೊತ್ತಿದ್ದರೆ ನಾಯಿಗೂ ಖುಷಿ, ನಿಮಗೂ ನಿಶ್ಚಿಂತೆ. ಇಂಗ್ಲೆಂಡಿನಲ್ಲಿ ನೆಲೆಸಿ ನಾಯಿ ಸಾಕಿಕೊಂಡಿರುವ ನಮ್ಮವರು ಈಗ ಜಾಸ್ತಿಯಾಗುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಇದನ್ನು ದಾರಿಯ ಕ್ರಮದಲ್ಲೇ ಬರೆಯುತ್ತಿದ್ದೇನೆ.

ದಾರಿ ಹೀಗೆ: ಕ್ರೆಮಿಲ್ ಎಂಬಲ್ಲಿ ಫೆರಿ ಇಳಿದು, ತೋಟಗಳನ್ನು ದಾಟಿ, ಕಡಲಂಚಿನಲ್ಲೇ ಕಿಂಗ್‌ಸ್ಯಾಂಡ್ ಹಳ್ಳಿವರೆಗೆ. ಸುಮಾರು 5 ಕಿಲೋಮೀಟರ್. ಹೋಗಿ ಬರುವುದಾದರೆ 10. ನಾಯಿ ಮೂಸುತ್ತಾ, ನಿಲ್ಲುತ್ತಾ ಬರುತ್ತದೆ, ಹಾಗಾಗಿ ಒಂದು ಕಡೆಗೇ ಎರಡು ಗಂಟೆ ಇಟ್ಟುಕೊಳ್ಳಿ.

ಹೊರಡುವ ಮುಂಚೆ

ಮೊದಲು ಕಾಲರ್ ನೋಡಿ. ಸಾರ್ವಜನಿಕ ಜಾಗದಲ್ಲಿ ನಾಯಿಯ ಕಾಲರ್ ಮೇಲೆ ಮಾಲೀಕರ ಹೆಸರು, ವಿಳಾಸ ಇರಲೇಬೇಕು ಎಂದು 1992ರ ಆದೇಶವೊಂದು ಹೇಳುತ್ತದೆ. ಮೈಕ್ರೋಚಿಪ್ 2016ರಿಂದ ಕಡ್ಡಾಯ. ಚಿಪ್ ಇದ್ದರೂ ಟ್ಯಾಗ್ ಬೇಕು. ಮನೆ ಬದಲಾಯಿಸಿದಾಗ ಚಿಪ್ಪಿನ ದಾಖಲೆಯಲ್ಲಿ ಫೋನ್ ನಂಬರ್ ಬದಲಾಯಿಸುವುದನ್ನು ತುಂಬಾ ಜನ ಮರೆಯುತ್ತಾರೆ. ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಎರಡನೆಯದು ಸಮುದ್ರದ ಏರಿಳಿತ. ಮಂಗಳೂರು, ಕಾರವಾರದ ಕಡೆಯವರಿಗೆ ಉಬ್ಬರ ಇಳಿತ ಗೊತ್ತಿರುವುದೇ. ಆದರೆ ಅಲ್ಲಿ ನೀರು ಏರಿಳಿಯುವುದು ಎರಡು ಮೀಟರ್ ಆಚೀಚೆ. ಪ್ಲಿಮತ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಹತ್ತಿರದ ದಿನಗಳಲ್ಲಿ ನಾಲ್ಕೂವರೆ ಮೀಟರ್‌ಗಿಂತಲೂ ಜಾಸ್ತಿ ವ್ಯತ್ಯಾಸ ಇರುತ್ತದೆ. ಬೆಳಿಗ್ಗೆ ಆಟವಾಡಿದ ದಡ ಮಧ್ಯಾಹ್ನ ನೀರಿನಡಿ ಹೋಗಿರುತ್ತದೆ. ಉಬ್ಬರ ಇಳಿತದ ಸಮಯ ಫೋನಿನಲ್ಲೇ ಸಿಗುತ್ತದೆ. ನೀರು ಇಳಿಯುವ ಹೊತ್ತಿಗೆ ದಡ ತಲುಪುವ ಹಾಗೆ ಹೊರಟರೆ ನಾಯಿಗೆ ಜಾಗ ಜಾಸ್ತಿ.

ಮೂರನೆಯದು ಚೀಲ. ಒಂದು ಲೀಟರ್ ಸಿಹಿನೀರು, ಮಡಚುವ ಬಟ್ಟಲು, ಬೇಕಿದ್ದಕ್ಕಿಂತ ಜಾಸ್ತಿ ಕಕ್ಕದ ಕವರ್, ಉಣುಗು ತೆಗೆಯುವ ಕೊಕ್ಕೆ, ಹಳೆಯ ಟವೆಲ್, ಎರಡು ಮೀಟರ್‌ನ ಗಟ್ಟಿ ಲೀಶ್. ಎಳೆದಂತೆ ಉದ್ದವಾಗುವ ಲೀಶ್ ಈ ದಾರಿಗೆ ಬೇಡ. ಅಂಚಿನ ಹತ್ತಿರ ನಾಯಿ ಹಠಾತ್ತಾಗಿ ಓಡಿದರೆ ಅದು ಸರ್ರನೆ ಬಿಚ್ಚಿಕೊಳ್ಳುತ್ತದೆ, ನೀವು ಬಟನ್ ಒತ್ತುವಷ್ಟರಲ್ಲಿ ತಡವಾಗಿರುತ್ತದೆ. ಕರೆದಾಗ ಬರುವ ಅಭ್ಯಾಸ ಇನ್ನೂ ಪಕ್ಕಾ ಆಗಿಲ್ಲದ ನಾಯಿಗೆ ಹತ್ತು ಮೀಟರ್‌ನ ಉದ್ದದ ಹಗ್ಗ ಒಳ್ಳೆಯದು. ಅದನ್ನು ಕಾಲರ್‌ಗೆ ಹಾಕಬೇಡಿ, ಎದೆಪಟ್ಟಿಗೆ ಹಾಕಿ. ಇಲ್ಲದಿದ್ದರೆ ಓಡಿ ನಿಂತಾಗ ಕುತ್ತಿಗೆಗೆ ಪೆಟ್ಟು ಬೀಳುತ್ತದೆ.

ಬುತ್ತಿ ಬಗ್ಗೆ ಒಂದು ಮಾತು. ನಮ್ಮ ಬುತ್ತಿಯಲ್ಲಿ ನಾಯಿಗೆ ಆಗದ್ದು ತುಂಬಾ ಇದೆ. ಕೇಸರಿಬಾತ್‌ನ ಒಣದ್ರಾಕ್ಷಿ ಕೆಲವು ನಾಯಿಗಳ ಕಿಡ್ನಿ ಕೆಡಿಸುತ್ತದೆ. ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳಲಾಗುವುದಿಲ್ಲ, ಹಾಗಾಗಿ ಒಂದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಪಲ್ಯ, ಚಿತ್ರಾನ್ನ, ಖಾರಾಬಾತ್ ಯಾವುದೂ ಬೇಡ, ಅವು ರಕ್ತದ ಕೆಂಪು ಕಣಗಳಿಗೇ ಪೆಟ್ಟು. ಒಗ್ಗರಣೆ ಹಾಕದ ಬರೀ ಮೊಸರನ್ನ ಒಂದೆರಡು ತುತ್ತು ಪರವಾಗಿಲ್ಲ. ಮನೆಗೆ ಬಂದ ನೆಂಟರಿಗೂ ಇದನ್ನು ಮೊದಲೇ ಹೇಳಿಬಿಡಿ. ಅಜ್ಜಿ ತಾತ ಪ್ರೀತಿಯಿಂದಲೇ ಕೊಡುತ್ತಾರೆ, ಆದರೆ ತೊಂದರೆ ಪಡುವುದು ನಾಯಿ.

ಫೆರಿಯಲ್ಲಿ

ಪ್ಲಿಮತ್‌ನ ಸ್ಟೋನ್‌ಹೌಸ್ ಬಡಾವಣೆಯಲ್ಲಿ ಅಡ್ಮಿರಲ್ಸ್ ಹಾರ್ಡ್ ಅಂತ ಒಂದು ಇಳಿಜಾರು ಇದೆ. ಕ್ರೆಮಿಲ್ ಫೆರಿ ಹತ್ತುವುದು ಅಲ್ಲೇ. ಕಾರು ಒಯ್ಯುವ ದೋಣಿ ಅಲ್ಲ ಇದು, ಜನ, ಸೈಕಲ್, ನಾಯಿಗಳಿಗೆ ಮಾತ್ರ. ಕಾರಿನಲ್ಲೇ ಹೋಗಬೇಕು ಅಂದರೆ ಟಾರ್‌ಪಾಯಿಂಟ್‌ನ ದೊಡ್ಡ ಫೆರಿ ಹಿಡಿದು ಸುತ್ತಿಕೊಂಡು ಬರಬೇಕು. ಕ್ರೆಮಿಲ್‌ನಲ್ಲಿ ಕಾರು ನಿಲ್ಲಿಸುವ ಜಾಗ ಇದೆ. ಆದರೂ ನನ್ನ ಮತ ಚಿಕ್ಕ ಫೆರಿಗೇ. ನಡಿಗೆಯ ಅರ್ಧ ಸಂತೋಷ ಅಲ್ಲೇ ಶುರುವಾಗುತ್ತದೆ.

ನೀರು ಇಳಿದಾಗ ಆ ಇಳಿಜಾರಿನ ಕೆಳಭಾಗ ಪಾಚಿ ಹಿಡಿದು ಜಾರುತ್ತದೆ. ನಾಯಿಗೆ ನಾಲ್ಕು ಕಾಲು, ಅದು ಸಲೀಸಾಗಿ ಹೋಗುತ್ತದೆ. ಅದು ಎಳೆದರೆ ಬೀಳುವವರು ನಾವು. ಲೀಶ್ ಗಿಡ್ಡ ಮಾಡಿ, ಕೈಗೆ ಸುತ್ತಿಕೊಳ್ಳಬೇಡಿ, ಮುಷ್ಟಿಯಲ್ಲಿ ಹಿಡಿಯಿರಿ. ನಮ್ಮ ನಾಯಿ ಗುಂಡನಿಗೆ ದೋಣಿಯ ಹಲಗೆ ಮೇಲೆ ಕಾಲಿಡುವುದು ಶುರುವಿನಲ್ಲಿ ಬಹಳ ಭಯವಾಗುತ್ತಿತ್ತು. ಕೆಳಗೆ ನೀರು ಅಲ್ಲಾಡುವುದು ಕಾಣುತ್ತದಲ್ಲ, ಮುಂಗಾಲು ಎರಡನ್ನೂ ಹಲಗೆ ಮೇಲೆ ಊರಿ, ಹಿಂಗಾಲು ನೆಲದಲ್ಲೇ ಬಿಟ್ಟು ಉದ್ದಕ್ಕೆ ನಿಂತುಬಿಡುತ್ತಿದ್ದ. ಎಳೆದರೆ ಇನ್ನಷ್ಟು ಗಟ್ಟಿಯಾಗುತ್ತಾನೆ. ಎಲ್ಲರೂ ಹತ್ತಿದ ಮೇಲೆ, ನಾವೇ ಮೊದಲು ಹಲಗೆ ದಾಟಿ, ಕೂತು, ಮೆತ್ತಗೆ ಕರೆದರೆ ಬರುತ್ತಾನೆ. ನಿಮ್ಮ ನಾಯಿಯೂ ಹೆದರಿದರೆ ಅವಸರ ಮಾಡಬೇಡಿ, ಒಂದು ಫೆರಿ ತಪ್ಪಿದರೆ ಇನ್ನೊಂದು ಬರುತ್ತದೆ. ಆ ಹೊತ್ತಿನಲ್ಲಿ ದಡದಲ್ಲೇ ನಿಂತು ದೋಣಿ ಬರುವುದು ಹೋಗುವುದನ್ನು ನಾಯಿಗೆ ತೋರಿಸಿ.

ದೋಣಿಯೊಳಗೆ ಪಕ್ಕದವರು ನಾಯಿಗೆ ಹೆದರುವವರೇ ಅಂತ ಒಮ್ಮೆ ನೋಡಿಕೊಳ್ಳಿ. ಕಾಲಿನ ಮಧ್ಯೆ ಕೂರಿಸಿಕೊಂಡರೆ ಸಾಕು.

ತೋಟಗಳು: ಲೀಶ್ ಗಿಡ್ಡ

ಕ್ರೆಮಿಲ್‌ನಲ್ಲಿ ಇಳಿದರೆ ಪಾರ್ಕಿನ ಗೇಟು ಎದುರಿಗೇ. ನೇರ ಮೇಲಕ್ಕೆ ಮರಗಳ ಸಾಲು, ಅದರ ತುದಿಯಲ್ಲಿ ಕೆಂಪಗಿನ ಮನೆ. ನಾವು ಮೇಲಕ್ಕೆ ಹೋಗುವುದಿಲ್ಲ, ಎಡಕ್ಕೆ ತಿರುಗಿ ತೋಟಗಳ ಕಡೆ. ಆ ಮನೆಗೆ 1941ರ ಏಪ್ರಿಲ್‌ನಲ್ಲಿ, ಪ್ಲಿಮತ್ ಮೇಲೆ ಜರ್ಮನ್ ಬಾಂಬ್ ಬೀಳುತ್ತಿದ್ದಾಗ, ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಯಿತು. ನಿಂತಿದ್ದು ಹೊರಗೋಡೆ. ಯುದ್ಧ ಮುಗಿದ ಮೇಲೆ, 1958ರಿಂದ ಮತ್ತೆ ಕಟ್ಟಿದರು. ಮನೆಯೊಳಗೆ ಹೋಗಬೇಕು ಅಂದರೆ ಟಿಕೆಟ್ ತೆಗೆಯಬೇಕು. ನೆರವಿನ ನಾಯಿಗಳನ್ನು ಬಿಟ್ಟರೆ ಬೇರೆ ನಾಯಿಗೆ ಒಳಗೆ ಜಾಗವಿಲ್ಲ. ಜೊತೆಯಲ್ಲಿ ಇನ್ನೊಬ್ಬರಿದ್ದರೆ ಸರದಿ ಮೇಲೆ ನೋಡಿ ಬರಬಹುದು. ನಾಯಿಯನ್ನು ಹೊರಗೆ ಕಂಬಕ್ಕೆ ಕಟ್ಟಿ ಹೋಗುವುದು ಮಾತ್ರ ಬೇಡವೇ ಬೇಡ.

ತೋಟಗಳಲ್ಲಿ ಲೀಶ್ ಕಡ್ಡಾಯ. ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಅಂತ ಬೇರೆ ಬೇರೆ ದೇಶದ ಶೈಲಿಯ ತೋಟಗಳು ಇಲ್ಲಿವೆ, ನ್ಯೂಜಿಲೆಂಡಿನದೂ ಒಂದಿದೆ. ಸುತ್ತ ಹೋಮ್ ಓಕ್ ಮರಗಳನ್ನೇ ಬೆಳೆಸಿ ಕತ್ತರಿಸಿದ ಬಹಳ ಎತ್ತರದ ಹಸಿರು ಗೋಡೆ. ಸಮುದ್ರದ ಗಾಳಿ ಒಳಗೆ ಬರದ ಹಾಗೆ ತಡೆಯುವುದು ಅದರ ಕೆಲಸ. ಹೊರಗೆ ಗಾಳಿ ಹೊಡೆಯುತ್ತಿದ್ದರೂ ಒಳಗೆ ಕಾಲಿಟ್ಟ ತಕ್ಷಣ ನಿಶ್ಶಬ್ದ. ನಾಯಿಯೂ ತಟ್ಟನೆ ನಿಂತು ಮೂಗು ಮೇಲೆತ್ತುತ್ತದೆ, ಗಮನಿಸಿ. ಗಾಳಿ ನಿಂತ ಜಾಗದಲ್ಲಿ ವಾಸನೆ ಕದಲದೆ ಉಳಿದಿರುತ್ತದೆ, ಅದಕ್ಕೆ ಇಲ್ಲಿ ಓದುವುದಕ್ಕೆ ಬೇಕಾದಷ್ಟಿದೆ.

ಎಸ್ಟೇಟಿನ ಕ್ಯಾಮೆಲಿಯಾ ಹೂಗಳಿಗೆ ದೊಡ್ಡ ಹೆಸರು, ದೇಶದ ರಾಷ್ಟ್ರೀಯ ಕ್ಯಾಮೆಲಿಯಾ ಸಂಗ್ರಹ ಇಲ್ಲೇ ಇರುವುದು. ಜನವರಿಯಿಂದ ಏಪ್ರಿಲ್‌ವರೆಗೆ ಚೆನ್ನಾಗಿ ಹೂ ಬಿಡುತ್ತವೆ. ಕ್ಯಾಮೆಲಿಯಾದಿಂದ ನಾಯಿಗೆ ತೊಂದರೆ ಇಲ್ಲ. ಆದರೆ ಇಂಗ್ಲೆಂಡಿನ ಇಂಥ ಹಳೆಯ ಎಸ್ಟೇಟುಗಳಲ್ಲಿ ರೋಡೊಡೆಂಡ್ರಾನ್, ಯೂ ಮರ ಸಾಮಾನ್ಯ. ಇವೆರಡೂ ವಿಷ. ವಸಂತದಲ್ಲಿ ನೆಲ ತುಂಬ ಅರಳುವ ಬ್ಲೂಬೆಲ್ ಗೆಡ್ಡೆಯೂ ವಿಷವೇ. ಗಿಡ ಅಗಿಯುವ, ನೆಲ ಕೆದಕುವ ಚಟ ಇರುವ ಮರಿಯಾದರೆ ಕಣ್ಣಿಟ್ಟಿರಿ.

ತೋಟದ ಮಧ್ಯದ ಹುಲ್ಲು ನೋಡಿದ ತಕ್ಷಣ ಚೆಂಡು ಎಸೆಯಬೇಕು ಅನ್ನಿಸುತ್ತದೆ. ಬೇಡ. ಇಲ್ಲಿಗೆ ವಯಸ್ಸಾದವರು, ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡವರು ಬರುತ್ತಾರೆ. ಸ್ವಲ್ಪ ಮುಂದೆ ನಾಯಿಗೇ ಅಂತ ಮಾಡಿಸಿದ ಹಾಗೆ ಜಾಗ ಇದೆ.

ಬಾರ್ನ್ ಪೂಲ್: ದಡ ಚಂದ, ನೀರು ಆಳ

ತೋಟದ ಸಮುದ್ರದ ಕಡೆಯ ಅಂಚಿನಲ್ಲಿ ಎಂಟನೇ ಹೆನ್ರಿ ಕಾಲದ ಸಣ್ಣ ಕಲ್ಲಿನ ಕೋಟೆ ಇದೆ. ಅದನ್ನು ದಾಟಿ ನೀರಿನ ಪಕ್ಕದಲ್ಲೇ ನಡೆದರೆ ಬಾರ್ನ್ ಪೂಲ್ ಎಂಬ ಕೊಲ್ಲಿ. ಹಿಂದೆ ಮರ ತುಂಬಿದ ಇಳಿಜಾರು, ಮುಂದೆ ಹುಲ್ಲು, ಆಮೇಲೆ ಸಣ್ಣ ಕಲ್ಲಿನ ದಡ. ಗಾಳಿ ಕಡಿಮೆ, ನೀರು ತಿಳಿ. ಇಡೀ ದಾರಿಯಲ್ಲಿ ನನಗೆ ಅತಿ ಇಷ್ಟದ ಜಾಗ ಇದೇ. ಅತಿ ಎಚ್ಚರ ಬೇಕಾದ ಜಾಗವೂ ಇದೇ.

ಯಾಕೆ ಅಂದರೆ, ಇಲ್ಲಿ ದಡ ನಿಧಾನವಾಗಿ ಇಳಿಯುವುದಿಲ್ಲ. ನಾಲ್ಕು ಹೆಜ್ಜೆಗೇ ಆಳ. ಟೇಮರ್‌ನ ಅಷ್ಟೂ ನೀರು ಪಕ್ಕದ ಇಕ್ಕಟ್ಟಿನಲ್ಲಿ ಹಾದು ಸಮುದ್ರಕ್ಕೆ ಹೋಗಬೇಕು, ಮತ್ತೆ ಉಬ್ಬರದಲ್ಲಿ ಅದರಲ್ಲೇ ಒಳಬರಬೇಕು. ಸೆಳೆತ ಜೋರು. ಮೇಲಿಂದ ನೋಡಿದರೆ ನೀರು ಸುಮ್ಮನೆ ಇದ್ದ ಹಾಗೇ ಕಾಣುತ್ತದೆ. ಡೆವನ್‌ಪೋರ್ಟ್ ನೌಕಾನೆಲೆಯ ಯುದ್ಧಹಡಗುಗಳು ಹೋಗುವುದೂ ಇದೇ ಕಾಲುವೆಯಲ್ಲಿ. ದೊಡ್ಡ ಹಡಗು ಹೋದ ಮೇಲೆ ದಡದ ನೀರು ಮೊದಲು ಹಿಂದಕ್ಕೆ ಸರಿಯುತ್ತದೆ, ಕಲ್ಲುಗಳು ಗರಗರ ಅಂತ ಉರುಳುತ್ತವೆ, ಸ್ವಲ್ಪ ಹೊತ್ತಿಗೆ ಒಂದರ ಹಿಂದೆ ಒಂದು ಅಲೆ ಬಂದು ಬಡಿಯುತ್ತದೆ. ಹಡಗು ಕಂಡರೆ ನಾಯಿಯನ್ನು ಮೇಲಕ್ಕೆ ಕರೆದುಕೊಳ್ಳಿ. ಅಲೆ ಬಂದು ಹೋದ ಮೇಲೆ ಮತ್ತೆ ಬಿಡಿ.

ಇಲ್ಲಿ ಲೀಶ್ ಬಿಚ್ಚಬಹುದು, ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ನಾಯಿ ಯಾವುದೋ ಪಾಚಿರಾಶಿ ಮೂಸುತ್ತಾ ಮೈಮರೆತಿರುವಾಗ ಒಮ್ಮೆ ಕರೆಯಿರಿ. ತಿರುಗಿ ಬಂದರೆ ಬಿಚ್ಚಿ. ಕಿವಿ ಮಾತ್ರ ಅಲ್ಲಾಡಿಸಿ ಮತ್ತೆ ಮೂಸುತ್ತಿದ್ದರೆ ಉದ್ದದ ಹಗ್ಗದಲ್ಲೇ ಇರಲಿ. ನೀರಿನಲ್ಲಿ ಆಡಿಸುವಾಗ ಚೆಂಡನ್ನು ದಡಕ್ಕೆ ಸಮಾನಾಂತರವಾಗಿ, ಮೊಣಕಾಲುದ್ದದ ನೀರಿಗೆ ಮಾತ್ರ ಎಸೆಯಿರಿ. ಒಳಕ್ಕೆ ಎಸೆದರೆ ಸೆಳೆತ ಚೆಂಡನ್ನು ದೂರ ಒಯ್ಯುತ್ತದೆ, ಒಳ್ಳೆಯ ನಾಯಿ ಅದನ್ನು ಬಿಡದೆ ಹಿಂಬಾಲಿಸುತ್ತದೆ. ಅಕಸ್ಮಾತ್ ಹಾಗೆ ಆದರೆ ನೀವು ನೀರಿಗೆ ಇಳಿಯಬೇಡಿ. ದಡದಲ್ಲೇ ಅದು ಹೋಗುತ್ತಿರುವ ದಿಕ್ಕಿಗೆ ಓಡುತ್ತಾ ಹೆಸರು ಹಿಡಿದು ಕರೆಯಿರಿ, 999ಕ್ಕೆ ಫೋನ್ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ನಾಯಿ ಎಷ್ಟೋ ಸಲ ತಾನಾಗಿ ಬಂದು ದಡ ಸೇರುತ್ತದೆ, ಅದನ್ನು ಉಳಿಸಲು ಹೋದ ಮನುಷ್ಯರೇ ಮುಳುಗುತ್ತಾರೆ.

ಆಟದ ಮಧ್ಯೆ ಆಗಾಗ ಸಿಹಿನೀರು ಕುಡಿಸಿ. ಬಾಯಾರಿದ ನಾಯಿ ಸಮುದ್ರದ ನೀರನ್ನೇ ಕುಡಿಯುತ್ತದೆ, ಆಮೇಲೆ ವಾಂತಿ, ಭೇದಿ. ಜಾಸ್ತಿ ಕುಡಿದರೆ ಉಪ್ಪು ತಲೆಗೇರಿ ನಡುಕ, ತೂರಾಟ ಬರುತ್ತದೆ, ಆಗ ಡಾಕ್ಟರ ಹತ್ತಿರ ಓಡಬೇಕಾಗುತ್ತದೆ. ದಡಕ್ಕೆ ಬಿದ್ದು ಒಣಗಿದ ಪಾಚಿ ತಿನ್ನಲು ಬಿಡಬೇಡಿ. ಹೊಟ್ಟೆಯೊಳಗೆ ಹೋಗಿ ಊದಿಕೊಂಡು ಕರುಳು ಕಟ್ಟಿಬಿಡಬಹುದು.

ಸ್ವಲ್ಪ ಹೊತ್ತು ಕೂರುವುದಾದರೆ ಈ ನೀರಿನ ಬಗ್ಗೆ ಎರಡು ಸಂಗತಿ ತಿಳಿದಿರಲಿ. 1944ರಲ್ಲಿ ಯುದ್ಧಕ್ಕಾಗಿ ಫ್ರಾನ್ಸಿನ ನಾರ್ಮಂಡಿ ಕರಾವಳಿಗೆ ಹೊರಟ ಅಮೆರಿಕನ್ ಸೈನಿಕರು ಹಡಗು ಹತ್ತಿದ ಜಾಗಗಳಲ್ಲಿ ಇದೂ ಒಂದು. ಅದಕ್ಕೂ ಬಹಳ ಮೊದಲು, 1831ರಲ್ಲಿ, ಬೀಗಲ್ ಎಂಬ ಹಡಗು ಒಳ್ಳೆಯ ಗಾಳಿಗಾಗಿ ಕಾಯುತ್ತಾ ಇದೇ ಬಾರ್ನ್ ಪೂಲ್‌ನಲ್ಲಿ ಲಂಗರು ಹಾಕಿತ್ತು. ಅದರಲ್ಲಿದ್ದವನು 22 ವರ್ಷದ ಚಾರ್ಲ್ಸ್ ಡಾರ್ವಿನ್. ಡಿಸೆಂಬರ್ 27ರಂದು ಹಡಗು ಹೊರಟಿತು. ಅವನು ಮರಳಿ ಇಂಗ್ಲೆಂಡ್ ಮುಟ್ಟಿದ್ದು 1836ರ ಅಕ್ಟೋಬರ್‌ನಲ್ಲಿ. ಡಾರ್ವಿನ್‌ಗೆ ನಾಯಿ ಅಂದರೆ ಪ್ರಾಣ. ಅಪರಿಚಿತರನ್ನು ಹತ್ತಿರ ಸೇರಿಸದ ಅವನ ಒಂದು ನಾಯಿ ಊರಲ್ಲೇ ಉಳಿದಿತ್ತು. ಐದು ವರ್ಷ ಎರಡು ದಿನ ಕಳೆದ ಮೇಲೆ ಅದಕ್ಕೆ ನೆನಪಿದೆಯೇ ನೋಡೋಣ ಅಂತ ಅವನು ಲಾಯದ ಹತ್ತಿರ ಹೋಗಿ ಹಳೆಯ ರೀತಿಯಲ್ಲೇ ಕೂಗಿ ಕರೆದ. ನಾಯಿ ಕುಣಿದಾಡಲಿಲ್ಲ. ಅರ್ಧ ಗಂಟೆ ಹಿಂದಷ್ಟೇ ಬಿಟ್ಟು ಹೋಗಿದ್ದವನು ಬಂದ ಹಾಗೆ ಎದ್ದು ಬಂದು ಅವನ ಹಿಂದೆ ವಾಕಿಂಗ್ ಹೊರಟಿತು. ಇದನ್ನು ಡಾರ್ವಿನ್ನೇ ಬರೆದಿಟ್ಟಿದ್ದಾನೆ. ನಾವು ಕರೆಯುವ ದನಿ ನಾಯಿಯೊಳಗೆ ಎಷ್ಟು ಗಟ್ಟಿಯಾಗಿ ಕೂರುತ್ತದೆ ನೋಡಿ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ವಾಪಸ್ ಕರೆಯುವ ಪದ ಒಂದೇ ಇರಲಿ. ಮನೆಯಲ್ಲಿ ಒಬ್ಬರು "ಬಾ", ಇನ್ನೊಬ್ಬರು "ಕಮ್", ಮಕ್ಕಳು ಮತ್ತೇನೋ ಅಂದರೆ ನಾಯಿ ಯಾವುದನ್ನು ನಂಬಬೇಕು? ಆ ಪದ ಹೇಳಿ ಕರೆದು ಬೈಯಲೂ ಬೇಡಿ, ಸ್ನಾನಕ್ಕೂ ಕರೆಯಬೇಡಿ.

ಏರು ಮತ್ತು ಫಾಲಿ

ಬಾರ್ನ್ ಪೂಲ್ ಹಿಂದೆ ನೆಲ ದೊಡ್ಡ ಬಟ್ಟಲಿನ ಹಾಗೆ ಒಳಕ್ಕೆ ಬಾಗಿದೆ. ಅಲ್ಲಿ ಮಿಲ್ಟನ್ ಕವಿಯ ಸಾಲುಗಳನ್ನು ಹಾಕಿರುವ ದುಂಡನೆಯ ಪುಟ್ಟ ಮಂಟಪ. ಮಳೆ ಬಂದರೆ ನಿಲ್ಲಬಹುದು. ಮೇಲಿನ ಇಳಿಜಾರಿನಲ್ಲಿ ಮುರಿದ ಗೋಪುರದಂಥ ಕಟ್ಟಡ ಕಾಣುತ್ತದೆ. ಜನ ಅದನ್ನು ಫಾಲಿ ಅನ್ನುತ್ತಾರೆ. ಹಳೆಯ ಚರ್ಚುಗಳ ಕಲ್ಲು ತಂದು 1747ರಲ್ಲಿ ಬೇಕಂತಲೇ ಪಾಳು ಕಟ್ಟಡದ ಹಾಗೆ ಕಟ್ಟಿದ್ದು.

ಅಲ್ಲಿಂದ ಪ್ಲಿಮತ್ ಸೌಂಡ್, ಅಂದರೆ ಪ್ಲಿಮತ್ ಮುಂದಿನ ಕೊಲ್ಲಿ, ಇಡೀ ಕಾಣುತ್ತದೆ: ಕೆಳಗೆ ಡ್ರೇಕ್ ದ್ವೀಪ, ಆಚೆ ದಡದಲ್ಲಿ ಸ್ಮೀಟನ್ ಗೋಪುರ ಎಂಬ ಕೆಂಪು ಬಿಳಿ ಪಟ್ಟೆಯ ಹಳೆಯ ದೀಪಸ್ತಂಭ, ದೂರದಲ್ಲಿ 1812ರಲ್ಲಿ ಕೆಲಸ ಶುರುವಾದ, ಒಂದೂವರೆ ಕಿಲೋಮೀಟರ್ ಉದ್ದದ ಅಲೆತಡೆ. ಹತ್ತುವ ಮುಂಚೆ ಲೀಶ್ ಹಾಕಿ. ಮೆಟ್ಟಿಲು ಕಿರಿದು, ಮೊಲದ ವಾಸನೆ ಹತ್ತಿದ ನಾಯಿಗೆ ಇಳಿಜಾರು ಕಾಣುವುದಿಲ್ಲ. ಸೊಂಟ, ಮಂಡಿ ನೋವಿರುವ ವಯಸ್ಸಾದ ನಾಯಿಯಾದರೆ ಈ ಏರು ಬಿಟ್ಟುಬಿಡಿ. ಬಾರ್ನ್ ಪೂಲ್‌ವರೆಗೆ ಬಂದು ಮರಳಿದರೂ ಅದಕ್ಕೆ ಅದು ತುಂಬು ನಡಿಗೆ.

ಕಾಡು ದಾರಿ: ಲೀಶ್ ಬಿಚ್ಚಲೇಬೇಡಿ

ಇನ್ನು ಮುಂದೆ ದಾರಿ ಗುರುತು ಸುಲಭ. ಓಕ್ ಮರದ ಕಾಯಿಯ ಚಿತ್ರ ಇರುವ ಕಂಬಗಳನ್ನು ಹಿಂಬಾಲಿಸಿ. 630 ಮೈಲಿ ಉದ್ದದ ಸೌತ್ ವೆಸ್ಟ್ ಕೋಸ್ಟ್ ಪಾತ್‌ನ ಒಂದು ತುಣುಕು ಇದು. ದಾರಿ ಕಾಡಿನೊಳಗೆ ಹೋಗುತ್ತದೆ, ಏರಿಳಿಯುತ್ತದೆ, ಕೆಲವು ಕಡೆ ಹಾವಿನ ನಡೆಯಲ್ಲಿ ತಿರುಗುತ್ತದೆ. ಎಡಕ್ಕೆ ಮರಗಳ ಸಂದಿಯಲ್ಲಿ ಸಮುದ್ರ. ನೆಲ ಜಾರಿ ದಾರಿ ಬದಲಾಯಿಸಿದ್ದರೆ ಬೋರ್ಡ್ ಹಾಕಿರುತ್ತಾರೆ, ಹಳೆಯ ದಾರಿಗೆ ನುಗ್ಗಬೇಡಿ. ನೀವು ತೆರೆದ ಗೇಟು ನೀವೇ ಮುಚ್ಚಿ.

ಲೀಶ್ ಯಾಕೆ ಬೇಕು ಅಂದರೆ, ಜಿಂಕೆ. 1515ರಲ್ಲಿ ಶುರುವಾದ ಕಥೆ ಮುಗಿದಿಲ್ಲ. ಈಗಲೂ ಫ್ಯಾಲೋ ಜಿಂಕೆಗಳ ಹಿಂಡು ಈ ಗುಡ್ಡದಲ್ಲಿ ತಿರುಗುತ್ತದೆ. ಜೂನ್, ಜುಲೈನಲ್ಲಿ ತಾಯಿ ಜಿಂಕೆ ಮರಿಯನ್ನು ಎದೆಯೆತ್ತರದ ಜರಿಗಿಡದೊಳಗೆ ಮಲಗಿಸಿ ಮೇಯಲು ಹೋಗುತ್ತದೆ. ಮರಿ ಅಲುಗಾಡದೆ ಮಲಗಿರುತ್ತದೆ, ನಮಗೆ ಕಾಣುವುದೇ ಇಲ್ಲ, ನಾಯಿಗೆ ಮಾತ್ರ ಗೊತ್ತಾಗಿಬಿಡುತ್ತದೆ. ನಿಮ್ಮ ನಾಯಿ ಎಷ್ಟೇ ಸಾಧು ಇರಲಿ, ಅಟ್ಟಿಸಿಕೊಂಡು ಹೋದರೂ ಸಾಕು ಮರಿಗೆ ಅಪಾಯ. ಒಂಟಿ ಮರಿ ಕಂಡರೆ ಅಯ್ಯೋ ಪಾಪ ಅಂತ ಮುಟ್ಟಲು ಹೋಗಬೇಡಿ, ತಾಯಿ ಹತ್ತಿರದಲ್ಲೇ ಇರುತ್ತದೆ. ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳಿಗೆ ಮದ ಬಂದಿರುತ್ತದೆ. ಗೊಗ್ಗರು ದನಿ ಕೇಳಿದರೆ ದೂರದಿಂದಲೇ ಹೋಗಿ.

ಕಾಡು ಮುಗಿದು ಬಯಲು ಸಿಕ್ಕಾಗ ಕುರಿ, ದನ ಮೇಯುತ್ತಿರಬಹುದು. ಕುರಿಗಳನ್ನು ನಾಯಿ ಅಟ್ಟಿದರೆ ಅದು 1953ರ ಕಾನೂನಿನ ಪ್ರಕಾರ ಅಪರಾಧ. ರೈತ ತನ್ನ ಕುರಿ ಉಳಿಸಿಕೊಳ್ಳಲು ಬೇರೆ ದಾರಿ ಇಲ್ಲದಿದ್ದರೆ ನಾಯಿಗೆ ಗುಂಡು ಹಾರಿಸಿದರೂ ಕಾನೂನು ಅವನ ಪರ ನಿಲ್ಲಬಹುದು. ದನದ ವಿಷಯ ಮಾತ್ರ ಬೇರೆ. ದನ, ಅದರಲ್ಲೂ ಕರು ಇರುವ ಹಸು, ಬೆನ್ನು ಹತ್ತಿದರೆ ಲೀಶ್ ಕೈಬಿಡಿ. ಹಸು ಅಟ್ಟುವುದು ನಾಯಿಯನ್ನು, ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ. ನಾವು ಹಿಡಿದುಕೊಂಡು ನಿಂತರೆ ಇಬ್ಬರಿಗೂ ಅಪಾಯ.

ಮೇಯುವ ಜಾಗದಲ್ಲಿ ಕಕ್ಕ ಎತ್ತುವುದು ಬರೀ ಸ್ವಚ್ಛತೆಯ ಪ್ರಶ್ನೆ ಅಲ್ಲ. ನಾಯಿ ಕಕ್ಕದಿಂದ ಹುಲ್ಲಿಗೆ ದಾಟುವ ನಿಯೋಸ್ಪೋರಾ ಎಂಬ ಪರಾವಲಂಬಿಯಿಂದ ಗಬ್ಬದ ಹಸುಗಳಿಗೆ ಕರು ಹೋಗುತ್ತದೆ. ಊರಲ್ಲಿ ಹಸು ಕಟ್ಟಿದ ಮನೆಯವರಿಗೆ ಆ ನೋವು ಏನು ಅಂತ ಹೇಳಬೇಕಾಗಿಲ್ಲ. ಎತ್ತಿ ಕವರ್‌ಗೆ ಹಾಕಿ, ಗಂಟು ಕಟ್ಟಿ, ಡಬ್ಬ ಸಿಗುವವರೆಗೆ ನೀವೇ ಒಯ್ಯಿರಿ. ಕೊಂಬೆಗೆ ನೇತುಹಾಕಿ ಹೋಗುವುದು ಕೆಟ್ಟ ಅಭ್ಯಾಸ.

ಬಿಸಿಲಿದ್ದ ದಿನ, ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ದಾರಿ ಅಂಚಿನಲ್ಲಿ ಆಡರ್ ಹಾವು ಮೈ ಕಾಯಿಸುತ್ತಾ ಮಲಗಿರಬಹುದು. ಬ್ರಿಟನ್‌ನ ಕಾಡಿನಲ್ಲಿರುವ ಒಂದೇ ವಿಷದ ಹಾವು ಅದು. ನಮ್ಮ ಕೊಳಕುಮಂಡಲದ ದೂರದ ನೆಂಟ, ಆದರೆ ಅಷ್ಟು ಘೋರ ಅಲ್ಲ. ತಾನಾಗಿ ಮೇಲೆ ಬೀಳುವುದಿಲ್ಲ, ನಾಯಿ ಮೂತಿ ಹಾಕಿದರೆ ಕಚ್ಚುತ್ತದೆ. ಮೂತಿ ಅಥವಾ ಕಾಲು ದಿಢೀರನೆ ಊದಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ನಾಯಿಯನ್ನು ಸಾಧ್ಯವಾದಷ್ಟು ಎತ್ತಿಕೊಂಡೇ ಹೋಗಿ. ದಾರಿಯಿಂದಲೇ ಪಶುವೈದ್ಯರಿಗೆ ಫೋನ್ ಮಾಡಿ, ಅವರು ಔಷಧ ಸಿದ್ಧ ಇಡುತ್ತಾರೆ. ಹತ್ತಿರದ ಪಶುವೈದ್ಯರ ನಂಬರ್ ಮನೆಯಲ್ಲೇ ಫೋನಿಗೆ ಹಾಕಿಕೊಂಡಿರಿ, ಕಾಡಿನಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುತ್ತದೆ ಅನ್ನುವಂತಿಲ್ಲ.

ಇಷ್ಟೆಲ್ಲ ಓದಿ ಹೆದರಬೇಡಿ. ಎರಡು ಮೀಟರ್ ಲೀಶಿನಲ್ಲೂ ನಾಯಿಗೆ ಈ ದಾರಿ ಹಬ್ಬವೇ. ಅದಕ್ಕೆ ಬೇಕಾಗಿರುವುದು ಓಟಕ್ಕಿಂತ ಜಾಸ್ತಿ ಮೂಸುವ ಸಮಯ. ನಿಂತಲ್ಲಿ ನಿಲ್ಲಲು ಬಿಡಿ, ಎಳೆಯಬೇಡಿ.

ಕಿಂಗ್‌ಸ್ಯಾಂಡ್

ದಾರಿ ಕೊನೆಗೆ ಬಣ್ಣಬಣ್ಣದ ಮನೆಗಳ ಕಿರಿದಾದ ಓಣಿಗೆ ಇಳಿಯುತ್ತದೆ. ಕಿಂಗ್‌ಸ್ಯಾಂಡ್ ಮತ್ತು ಕಾಸ್ಯಾಂಡ್, ಅಂಟಿಕೊಂಡ ಎರಡು ಹಳ್ಳಿಗಳು. 1844ರವರೆಗೆ ಇವುಗಳ ನಡುವೆಯೇ ಡೆವನ್, ಕಾರ್ನ್‌ವಾಲ್ ಗಡಿ ಇತ್ತು, ಒಂದು ಮನೆಯ ಗೋಡೆ ಮೇಲೆ ಅದರ ಗುರುತು ಈಗಲೂ ಇದೆ. ಓಣಿಯಲ್ಲಿ ಕಾರು ಬಂದರೆ ಗೋಡೆಗೆ ಒರಗಿ ನಿಲ್ಲಬೇಕು, ಲೀಶ್ ಗಿಡ್ಡ ಇರಲಿ.

ಮರಳು ಕಂಡ ಕೂಡಲೇ ಓಡಬೇಡಿ. ಕಾರ್ನ್‌ವಾಲ್‌ನ ಹಲವು ಬೀಚುಗಳಲ್ಲಿ ಬೇಸಿಗೆ ತಿಂಗಳುಗಳ ಹಗಲು ಹೊತ್ತು ನಾಯಿಗೆ ನಿಷೇಧ ಇರುತ್ತದೆ, ದಂಡವೂ ಉಂಟು. ಬೀಚಿನ ಬಾಯಲ್ಲೇ ಬೋರ್ಡ್ ಇರುತ್ತದೆ, ತಿಂಗಳು ಮತ್ತು ಗಂಟೆ ಎರಡನ್ನೂ ಓದಿ. ಪಬ್, ಕೆಫೆಗಳಲ್ಲಿ ನಾಯಿಗೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಆದರೂ ಬಾಗಿಲಲ್ಲೇ ಕೇಳಿ ಒಳಗೆ ಹೋಗುವುದು ಮರ್ಯಾದೆ.

ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುವವರು ಒಂದು ವಿಷಯ ನೆನಪಿಡಿ. ಬೀದಿನಾಯಿ ಅಟ್ಟಿಸಿಕೊಂಡು ಬಂದ ನೆನಪು ಇರುವವರಿಗೆ ಇಲ್ಲಿ ಬಿಟ್ಟ ನಾಯಿ ಹತ್ತಿರ ಬಂದರೆ ನಿಜವಾಗಿಯೂ ಭಯ. "ಏನೂ ಮಾಡಲ್ಲ" ಅಂತ ಅವರಿಗೆ ಸಮಾಧಾನ ಹೇಳುವ ಬದಲು, ನಾಯಿಯವರಿಗೆ ಸ್ವಲ್ಪ ಹಿಡಿದುಕೊಳ್ಳಿ ಅಂತ ಹೇಳಿ. ಹೆಚ್ಚಿನವರು ಬೇಜಾರಿಲ್ಲದೆ ಹಿಡಿದುಕೊಳ್ಳುತ್ತಾರೆ. ನಿಮ್ಮ ನಾಯಿ ವಿಷಯದಲ್ಲೂ ಬೇರೆಯವರು ಕೇಳುವ ಮುಂಚೆ ನೀವೇ ಅದನ್ನು ಮಾಡಿ.

ವಾಪಸ್, ಮತ್ತು ಮನೆಗೆ ಬಂದ ಮೇಲೆ

ಬಂದ ದಾರಿಯಲ್ಲೇ ಮರಳುವುದು ಒಂದು ಆಯ್ಕೆ. ಗುಡ್ಡದ ಮೇಲಿನ ಮೇಕರ್ ಚರ್ಚ್ ಕಡೆಯಿಂದ ಹೋದರೆ ನೋಟ ಬೇರೆ, ಏರು ಜಾಸ್ತಿ. ಬೇಸಿಗೆಯಲ್ಲಿ ಕಾಸ್ಯಾಂಡ್ ಬೀಚಿನಿಂದ ಪ್ಲಿಮತ್‌ಗೆ ನೇರ ದೋಣಿಯೂ ಇರುತ್ತದೆ. ಸಮುದ್ರ ಒರಟಾಗಿದ್ದರೆ ಅದು ಹೊರಡುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಬಸ್ಸೂ ಇದೆ, ನಾಯಿಯನ್ನು ಹತ್ತಿಸಿಕೊಳ್ಳುವುದು ಚಾಲಕರ ಮರ್ಜಿ. ಯಾವುದೇ ಆಗಲಿ, ಕ್ರೆಮಿಲ್‌ನಿಂದ ಕೊನೆಯ ಫೆರಿ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ನೋಡಿಕೊಂಡಿರಿ. ಚಳಿಗಾಲದಲ್ಲಿ ಸಮಯ ಬೇರೆ.

ಮನೆಗೆ ಬಂದವರೇ ನಾಯಿಗೆ ಸಿಹಿನೀರಿನ ಸ್ನಾನ ಮಾಡಿಸಿ. ಉಪ್ಪು ಒಣಗಿದರೆ ಚರ್ಮ ಕೆರೆಯುತ್ತದೆ. ಚಳಿಗಾಲದಲ್ಲಿ ಕಾಲು, ಹೊಟ್ಟೆಗೆ ಮೆತ್ತಿದ ಕಾಡಿನ ಕೆಸರನ್ನು ಪೂರ್ತಿ ತೊಳೆಯಿರಿ. ನಾಯಿಗಳ ಕಾಲಿನಲ್ಲಿ ಹುಣ್ಣಾಗಿ ಕಿಡ್ನಿಗೆ ಹೋಗುವ ಒಂದು ಅಪರೂಪದ ಕಾಯಿಲೆ ಇಲ್ಲಿ ಚಳಿಗಾಲದಿಂದ ವಸಂತದವರೆಗೆ ಕಾಣಿಸಿಕೊಳ್ಳುತ್ತದೆ. ಕಾರಣ ಇನ್ನೂ ಪತ್ತೆಯಾಗಿಲ್ಲ, ಕೆಸರು ತೊಳೆಯಿರಿ ಎನ್ನುವುದೇ ಪಶುವೈದ್ಯರ ಸಲಹೆ.

ಆಮೇಲೆ ಉಣುಗು. ಮಂಗನ ಕಾಯಿಲೆ ಕಂಡಿರುವ ಮಲೆನಾಡಿನವರಿಗೆ ಉಣುಗಿನ ಭಯ ಹೊಸದಲ್ಲ. ಇಲ್ಲಿನ ಉಣುಗು ಹರಡುವುದು ಲೈಮ್ ಕಾಯಿಲೆ, ಅದು ಮನುಷ್ಯರಿಗೂ ಬರುತ್ತದೆ. ಜರಿಗಿಡಕ್ಕೆ ಮೈ ಸವರಿದ ನಾಯಿಯ ಕಿವಿಯ ಒಳಗೆ, ಕಂಕುಳಲ್ಲಿ, ಬೆರಳುಗಳ ಸಂದಿಯಲ್ಲಿ, ಬಾಲದ ಬುಡದಲ್ಲಿ ಬೆರಳಾಡಿಸಿ. ಎಳ್ಳಿನಷ್ಟು ಸಣ್ಣ ಗಂಟು ಸಿಕ್ಕಿದರೆ ಕೂದಲು ಬಿಡಿಸಿ ನೋಡಿ. ಕಾಲುಗಳು ಕಂಡರೆ ಅದು ಉಣುಗೇ. ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಹಾಗೆ ಮಾಡಿದರೆ ಅದು ಹೊಟ್ಟೆಯಲ್ಲಿರುವುದನ್ನು ನಾಯಿಯ ರಕ್ತಕ್ಕೇ ಕಾರುತ್ತದೆ. ಕೊಕ್ಕೆಯನ್ನು ಚರ್ಮಕ್ಕೆ ಒತ್ತಿ ಉಣುಗಿನ ಕೆಳಗೆ ತೂರಿಸಿ, ಎಳೆಯದೆ ಮೆಲ್ಲಗೆ ತಿರುಗಿಸಿ, ಇಡಿಯಾಗಿ ಬಿಟ್ಟುಕೊಳ್ಳುತ್ತದೆ. ಒಂದು ದಿನದೊಳಗೆ ತೆಗೆದರೆ ಕಾಯಿಲೆ ಅಂಟುವ ಸಾಧ್ಯತೆ ಬಹಳ ಕಡಿಮೆ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ, ರಕ್ತ ಕುಡಿದು ಊದಿದ ಮೇಲೆ ತಪ್ಪಿಸಿಕೊಂಡದ್ದೂ ಕೈಗೆ ಸಿಗುತ್ತದೆ. ನಿಮ್ಮ ಮೊಣಕಾಲಿನ ಹಿಂಭಾಗ, ಮಕ್ಕಳ ಕುತ್ತಿಗೆ, ಸೊಂಟದ ಸುತ್ತವೂ ಹುಡುಕಿ. ಕಚ್ಚಿದ ಜಾಗದ ಸುತ್ತ ದುಂಡಗೆ ಕೆಂಪು ಹರಡುತ್ತಾ ಹೋದರೆ, ಅದು ಕೆಲವು ವಾರ ಕಳೆದ ಮೇಲೆ ಕಾಣಿಸಿಕೊಂಡರೂ ಸರಿ, ಡಾಕ್ಟರಿಗೆ ತೋರಿಸಿ ಮತ್ತು ಉಣುಗು ಕಚ್ಚಿತ್ತು ಅಂತ ಮರೆಯದೆ ಹೇಳಿ.